ಹಳೆಯ ಸೈಕಲ್ಲಿನ ಉಳಿದ ಆಯುಷ್ಯ

ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ದಶಕಗಳಿಂದ ಒರಗಿಕೊಂಡಿರುವ ಸೈಕಲ್ಲನ್ನು ದುರಸ್ತಿ ಮಾಡಿಸಿ ಮತ್ತೆ ರಸ್ತೆಗೆ ಇಳಿಸಬೇಕೆ, ಅಥವಾ ಅದನ್ನು ಗುಜರಿಗೆ ಹಾಕಿ ಹೊಸದೊಂದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಬಹುತೇಕ ಮನೆಗಳಲ್ಲಿ ಮಮತೆ ಒಂದು ಕಡೆಗೂ ಹಣದ ಲೆಕ್ಕ ಇನ್ನೊಂದು ಕಡೆಗೂ ಎಳೆಯುವ ಜಗ್ಗಾಟವಾಗಿಯೇ ಮುಗಿಯುತ್ತದೆ. ಈ ಜಗ್ಗಾಟದಲ್ಲಿ ಸೈಕಲ್ಲಿನ ಕಡೆಯ ಸಾಕ್ಷ್ಯವನ್ನು ಯಾರೂ ಕೇಳುವುದಿಲ್ಲ. ಅದರ ಕೊಳವೆಗಳೊಳಗೆ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ, ಅದರ ಗಾಲಿಗೆ ಹೊಂದುವ ಟೈರು ಇಂದು ಸಿಗುತ್ತದೆಯೇ, ಅದರ ಬ್ರೇಕು ಮಳೆಯಲ್ಲಿ ಎಷ್ಟು ದೂರದೊಳಗೆ ಗಾಲಿಯನ್ನು ನಿಲ್ಲಿಸಬಲ್ಲದು ಎಂಬುವೆಲ್ಲ ಅಳೆದು ನೋಡಬಹುದಾದ ಸಂಗತಿಗಳಾಗಿದ್ದು, ಅವುಗಳಿಗೆ ಲೋಹಶಾಸ್ತ್ರ, ರಸಾಯನಶಾಸ್ತ್ರ ಮತ್ತು ಯಂತ್ರಶಾಸ್ತ್ರಗಳಲ್ಲಿ ಸಾಕಷ್ಟು ಖಚಿತವಾದ ಉತ್ತರಗಳಿವೆ. ಸೈಕಲ್ಲಿನ ಎಲ್ಲ ಭಾಗಗಳೂ ಒಂದೇ ಆಯುಷ್ಯ ಹೊತ್ತು ಬಂದಿಲ್ಲ: ಚೌಕಟ್ಟು ನೂರು ವರ್ಷ ಬಾಳಬಹುದು, ಚೈನು ಕೆಲವು ಸಾವಿರ ಕಿಲೋಮೀಟರಿಗೆ ಸವೆದುಹೋಗುತ್ತದೆ, ರಬ್ಬರು ಓಡಿಸದೆ ಇಟ್ಟರೂ ತಾನಾಗಿಯೇ ಬಿರಿಯುತ್ತದೆ. ಆದುದರಿಂದ ಇಡೀ ಸೈಕಲ್ಲಿನ ಬಗ್ಗೆ ಒಂದೇ ತೀರ್ಪು ಕೊಡಲು ಹೊರಡುವವರು ಸಾಮಾನ್ಯವಾಗಿ ತಪ್ಪು ತೀರ್ಪನ್ನೇ ಕೊಡುತ್ತಾರೆ.

ಇಲ್ಲಿ ಪರಿಶೀಲನೆಗೆ ಆರಿಸಿಕೊಂಡಿರುವುದು ಭಾರತದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಸಾಮಾನ್ಯ ಸೈಕಲ್, ಅಂದರೆ ವ್ಯಾಪಾರಿಗಳು ರೋಡ್‌ಸ್ಟರ್ ಎಂದು ಕರೆಯುವ, ಕಪ್ಪು ಬಣ್ಣದ, ಕಂಬಿ ಬ್ರೇಕಿನ, ದೊಡ್ಡ ಗಾಲಿಯ ಉಕ್ಕಿನ ವಾಹನ. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದ ರೋವರ್ ಸೈಕಲ್ಲಿನಲ್ಲಿ ಎರಡು ಹೆಚ್ಚುಕಡಿಮೆ ಸಮಾನ ಗಾಲಿಗಳೂ ಹಿಂದಿನ ಗಾಲಿಯನ್ನು ತಿರುಗಿಸುವ ಚೈನೂ ಇದ್ದವು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ ಮೇಲೆ, ಎರಡು ತ್ರಿಕೋನಗಳನ್ನು ಜೋಡಿಸಿದಂತಿರುವ ಇಂದಿನ ಚೌಕಟ್ಟಿನ ಆಕಾರ ಶತಮಾನ ಮುಗಿಯುವುದರೊಳಗೆ ನೆಲೆನಿಂತಿತು. ನಾಟಿಂಗ್‌ಹ್ಯಾಮಿನ ರ್‍ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್, ಫಿಲಿಪ್ಸ್ ಮತ್ತು ಬಿಎಸ್ಎ ಮೊದಲಾದ ಹೆಸರುಗಳು ಹಡಗೇರಿ ಬಂದು ಇಲ್ಲಿಯ ಮನೆಮಾತಾದವು. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಬಂಗಾಳದ ಆಸನ್‌ಸೋಲಿನಲ್ಲಿ ಸೇನ್-ರ್‍ಯಾಲಿ, ಸೋನಿಪತ್ತಿನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಸ್ಥಾಪನೆಯಾದಾಗ, ಇವೆಲ್ಲವೂ ಆ ಇಂಗ್ಲಿಷ್ ನಕ್ಷೆಯನ್ನೇ ಹೆಚ್ಚು ತಿದ್ದದೆ ಮುಂದುವರಿಸಿದವು. ಈ ಬದಲಾಗದಿರುವಿಕೆಯನ್ನು ಭಾರತೀಯ ಕೈಗಾರಿಕೆಯ ಜಡತೆಯೆಂದು ಹಳಿದವರಿದ್ದಾರೆ. ಹಳೆಯ ಸೈಕಲ್ಲನ್ನು ಉಳಿಸಿಕೊಳ್ಳಬಯಸುವವರಿಗೆ ಅದೇ ಜಡತೆ ದೊಡ್ಡ ವರವಾಗಿ ಪರಿಣಮಿಸಿದೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ತನಿಖೆ ಚೌಕಟ್ಟಿನಿಂದ ಆರಂಭವಾಗಬೇಕು, ಏಕೆಂದರೆ ಉಳಿದೆಲ್ಲವನ್ನೂ ಬದಲಾಯಿಸಬಹುದು. ಒಂದು ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ, ಒಂದೇ ಸಲದ ಬಾಗಿಗೆ ಮುರಿಯದ ತಂತಿಯೂ ಕೊನೆಗೆ ತುಂಡಾಗುತ್ತದೆ. ಹೀಗೆ ಸಣ್ಣ ಬಲಗಳು ಲಕ್ಷಾಂತರ ಸಲ ಮರುಕಳಿಸಿದಾಗ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುವುದನ್ನು ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯ ಆಗುಸ್ಟ್ ವೋಲರ್ ರೈಲುಗಾಡಿಯ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುವುದೇಕೆಂದು ಪರೀಕ್ಷಿಸುತ್ತ, ಉಕ್ಕಿಗೆ ಒಂದು ವಿಶೇಷ ಗುಣವಿರುವುದನ್ನು ಕಂಡುಕೊಂಡನು: ಬಲವು ಒಂದು ಮಿತಿಗಿಂತ ಕಡಿಮೆಯಿದ್ದರೆ ಅದು ಎಷ್ಟು ಕೋಟಿ ಸಲ ಮರುಕಳಿಸಿದರೂ ಉಕ್ಕು ದಣಿಯುವುದಿಲ್ಲ. ಸಹನಮಿತಿ ಎನ್ನಲಾಗುವ ಈ ಮಿತಿ ಸಾಧಾರಣ ಉಕ್ಕಿನಲ್ಲಿ, ಅದನ್ನು ಒಮ್ಮೆಲೇ ಎಳೆದು ಹರಿಯಲು ಬೇಕಾದ ಬಲದ ಸುಮಾರು ಅರ್ಧದಷ್ಟಿರುತ್ತದೆ. ಅಲ್ಯೂಮಿನಿಯಮ್ಮಿಗೆ ಇಂಥ ಮಿತಿ ಇಲ್ಲ. ಅದರ ಮೇಲೆ ಬೀಳುವ ಪ್ರತಿಯೊಂದು ಪೆಟ್ಟೂ ಎಷ್ಟೇ ಚಿಕ್ಕದಾದರೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ, ಆ ಕಾರಣಕ್ಕಾಗಿಯೇ ಅಲ್ಯೂಮಿನಿಯಂ ಚೌಕಟ್ಟುಗಳನ್ನು ದಪ್ಪ ಕೊಳವೆಗಳಿಂದ, ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿ ಕಟ್ಟುತ್ತಾರೆ. ಹಳೆಯ ರೋಡ್‌ಸ್ಟರಿನ ಚೌಕಟ್ಟು ಭಾರವಾಗಿ ಕಾಣುವುದೇ ಅದರ ಕೊಳವೆಗಳ ಮೇಲಿನ ಒತ್ತಡ ಈ ಮಿತಿಗಿಂತ ಬಹಳ ಕೆಳಗೆ ಉಳಿಯಲಿ ಎಂಬ ಉದಾರತೆಯಿಂದ. ಎಪ್ಪತ್ತು ವರ್ಷ ಓಡಿದ ಉಕ್ಕಿನ ಚೌಕಟ್ಟು ಬರಿಯ ಓಟದಿಂದ ಮುದಿಯಾಗಿರುವುದಿಲ್ಲ ಎಂದು ಧೈರ್ಯವಾಗಿ ಹೇಳಲು ಆಧಾರವಿರುವುದು ಇಲ್ಲಿ.

ಆದರೆ ಈ ಆಶ್ವಾಸನೆಗೆ ಒಂದು ಷರತ್ತಿದೆ, ಆ ಷರತ್ತಿನ ಹೆಸರು ತುಕ್ಕು. ತುಕ್ಕು ಹಿಡಿಯುತ್ತಲೇ ಬಲವನ್ನೂ ಹೊರುವ ಉಕ್ಕಿನಲ್ಲಿ ಸಹನಮಿತಿ ಇಲ್ಲವಾಗುತ್ತದೆ. ತುಕ್ಕು ತೋಡಿದ ಸಣ್ಣ ಗುಳಿಯ ಅಂಚಿನಲ್ಲಿ ಒತ್ತಡ ಕೇಂದ್ರೀಕರಿಸಿ, ಅಲ್ಲಿಂದ ಬಿರುಕು ಹೊರಡುತ್ತದೆ. ತುಕ್ಕು ಮೂಲತಃ ವಿದ್ಯುದ್ರಾಸಾಯನಿಕ ಕ್ರಿಯೆ. ಉಕ್ಕಿನ ಮೇಲಿನ ತೆಳುವಾದ ನೀರಿನ ಪೊರೆಯಲ್ಲಿ ಒಂದು ಕಡೆ ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತದೆ, ಇನ್ನೊಂದು ಕಡೆ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ, ನಡುವೆ ಕಂದುಬಣ್ಣದ ಜಲಯುಕ್ತ ಆಕ್ಸೈಡು ಶೇಖರವಾಗುತ್ತದೆ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಕ್ರಿಯೆ ಅನೇಕ ಪಟ್ಟು ಚುರುಕಾಗುತ್ತದೆ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಟ ಎರಡು ಸೈಕಲ್ಲುಗಳಲ್ಲಿ ಒಂದು ರಾಯಚೂರಿನ ಒಣಹವೆಯಲ್ಲೂ ಇನ್ನೊಂದು ಕಾರವಾರದ ಕಡಲಗಾಳಿಯಲ್ಲೂ ಐವತ್ತು ವರ್ಷ ಕಳೆದರೆ, ಮೊದಲನೆಯದರ ಮೇಲ್ಮೈ ಮಾತ್ರ ಮಂಕಾಗಿ ಎರಡನೆಯದರ ಕೊಳವೆ ಒಳಗಿನಿಂದಲೇ ತಿಂದುಹೋಗಿರಬಹುದು. ಮಲೆನಾಡಿನಲ್ಲಿ ಉಪ್ಪಿಲ್ಲದಿದ್ದರೂ ತಿಂಗಳುಗಟ್ಟಲೆ ಆರದ ತೇವ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಹೀಗಾಗಿ ಹಳೆಯ ಸೈಕಲ್ ಕೊಳ್ಳುವವರು ಅದರ ವಯಸ್ಸನ್ನು ಕೇಳುವುದಕ್ಕಿಂತ ಅದು ಎಲ್ಲಿ ನಿಂತಿತ್ತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಹೊರಗಿನ ತುಕ್ಕು ಹೆದರಿಸುವಷ್ಟು ಅಪಾಯಕಾರಿಯಲ್ಲ, ಒಳಗಿನ ತುಕ್ಕು ಕಾಣುವುದಿಲ್ಲ. ಸೀಟಿನ ಕಂಬದ ಸಂದಿಯಿಂದ ಇಳಿದ ಮಳೆನೀರು ಕೊಳವೆಯುದ್ದಕ್ಕೂ ಹರಿದು, ಪೆಡಲಿನ ಅಚ್ಚು ಹಾಯುವ ಕೆಳಗಿನ ದೊಡ್ಡ ಬಳೆಯಲ್ಲಿ ಬಂದು ನಿಲ್ಲುತ್ತದೆ. ಸೈಕಲ್ ಅಂಗಡಿಯವರು ಬಿಬಿ ಎಂದು ಕರೆಯುವ ಈ ಭಾಗವೇ ಚೌಕಟ್ಟಿನ ಅತಿ ಹೆಚ್ಚು ಬಲ ಹೊರುವ ಸಂಧಿಯೂ ಹೌದು. ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಿರುವುದರಿಂದ ಒಳಗೆ ತಿಂದುಹೋದ ಕಡೆ ನಾಣ್ಯದಿಂದ ತಟ್ಟಿದರೆ ಗಟ್ಟಿ ದನಿಯ ಬದಲು ಮಂದ ದನಿ ಬರುತ್ತದೆ, ಮೊನಚಾದ ಮೊಳೆಯನ್ನು ಒತ್ತಿದರೆ ಗೋಡೆ ತಗ್ಗುತ್ತದೆ. ಮುಂದಿನ ಫೋರ್ಕಿನ ಕವಲು ಒಡೆಯುವ ನೆತ್ತಿಯನ್ನು ಕಳಚಿಯೇ ನೋಡಬೇಕು, ಏಕೆಂದರೆ ಅಲ್ಲಿ ಬಿರುಕಿದ್ದರೆ ಸವಾರನಿಗೆ ಸಾವರಿಸಿಕೊಳ್ಳಲು ಕ್ಷಣವೂ ಸಿಗುವುದಿಲ್ಲ. ಸೀಟಿನ ಕಂಬ ಕೊಳವೆಯೊಳಗೆ ಅಲುಗಾಡದಂತೆ ಸೆಟೆದುಕೊಂಡಿದ್ದರೆ ಅದಕ್ಕೂ ತುಕ್ಕೇ ಕಾರಣ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡರಿಂದ ಆರು ಪಟ್ಟು ಹಿಗ್ಗುವುದರಿಂದ ಸಂದಿಯೆಲ್ಲ ತುಂಬಿ ಬೆಣೆ ಬಡಿದಂತಾಗಿರುತ್ತದೆ. ಮೆಲ್ಲನೆ ಎಣ್ಣೆ ಇಳಿಸಿ, ಬಿಸಿ ಮಾಡಿ, ದಿನಗಟ್ಟಲೆ ಕಾಯುವ ತಾಳ್ಮೆಯಿದ್ದರೆ ಅದು ಬಿಡುತ್ತದೆ.

ಚೌಕಟ್ಟು ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಗಾಲಿಯ ಅಚ್ಚು ಕೂರುವ ಒಂದು ಸೀಳಿನಿಂದ ದಾರವನ್ನು ಎಳೆದು, ಹ್ಯಾಂಡಲ್ ಹಾಯುವ ಮುಂದಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಸೀಳಿಗೆ ತಂದು ಬಿಗಿದು, ನಡುವಿನ ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಬದಿಯಲ್ಲಿ ಅಳೆದಾಗ ಅವು ಸಮನಾಗಿರಬೇಕು. ಕೆಲವು ಮಿಲಿಮೀಟರುಗಳ ವ್ಯತ್ಯಾಸವಿದ್ದರೆ ಉಕ್ಕನ್ನು ತಣ್ಣಗಿರುವಾಗಲೇ ಬಾಗಿಸಿ ಸರಿಪಡಿಸಬಹುದು, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಹಾಗೆ ಮಾಡಿದರೆ ಅದು ಬಿರಿಯುವ ಸಂಭವವೇ ಹೆಚ್ಚು. ಉಕ್ಕಿನ ಈ ಕ್ಷಮಾಗುಣ ಬೆಸುಗೆಯಲ್ಲೂ ಕಾಣುತ್ತದೆ. ಹಳೆಯ ಚೌಕಟ್ಟುಗಳಲ್ಲಿ ಕೊಳವೆಗಳು ಲಗ್ ಎಂಬ ಉಕ್ಕಿನ ಬಳೆಗಳೊಳಗೆ ಕೂತಿದ್ದು, ಆ ಸಂದಿಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಹಿತ್ತಾಳೆಯನ್ನು ಹರಿಸಿ ಅಂಟಿಸಿರುತ್ತಾರೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕಾಗುವುದರಿಂದ ಕೊಳವೆಗೆ ಧಕ್ಕೆಯಾಗದಂತೆ ಹಿತ್ತಾಳೆಯನ್ನು ಮಾತ್ರ ಮತ್ತೆ ಕರಗಿಸಿ, ಕೆಟ್ಟ ಕೊಳವೆಯನ್ನು ಎಳೆದು ಹೊಸದನ್ನು ಕೂರಿಸಬಹುದು. ಗ್ಯಾಸ್ ವೆಲ್ಡಿಂಗ್ ಬಲ್ಲವನೊಬ್ಬ ಇಂದಿಗೂ ತಾಲ್ಲೂಕು ಕೇಂದ್ರಗಳಲ್ಲಿ ಸಿಗುತ್ತಾನೆ. ಇಂದಿನ ಅಲ್ಯೂಮಿನಿಯಂ ಮಿಶ್ರಲೋಹಗಳು ತಮ್ಮ ಬಲವನ್ನು ಶಾಖಸಂಸ್ಕಾರದಿಂದ, ಅಂದರೆ ನಿಗದಿತ ಉಷ್ಣತೆಯಲ್ಲಿ ಕಾಯಿಸಿ ತಣಿಸುವ ವಿಧಾನದಿಂದ ಪಡೆದಿರುವುದರಿಂದ, ಬೆಸುಗೆ ಹಾಕಿದ ಜಾಗದಲ್ಲಿ ಆ ಬಲ ಕಳೆದುಹೋಗುತ್ತದೆ. ಇಡೀ ಚೌಕಟ್ಟನ್ನು ಮತ್ತೆ ಕುಲುಮೆಗೆ ಹಾಕದೆ ಅದು ಮರಳುವುದಿಲ್ಲ.

ಚೌಕಟ್ಟು ಉಳಿಯಿತೆಂದಾದ ಮೇಲೆ ಬರುವ ಪ್ರಶ್ನೆ ಬಿಡಿಭಾಗಗಳ ಅಳತೆಯದು, ಪಾಶ್ಚಾತ್ಯ ದೇಶಗಳಲ್ಲಿ ಅನೇಕ ಹಳೆಯ ಸೈಕಲ್ಲುಗಳು ಸೋಲುವುದು ಈ ಹಂತದಲ್ಲಿ. ಟೈರಿನ ಮೇಲೆ 28 ಇಂಚು ಎಂದೋ 26 ಇಂಚು ಎಂದೋ ಬರೆದಿರುವುದು ಗಾಳಿ ತುಂಬಿದ ಟೈರಿನ ಹೊರ ಅಳತೆಯ ಅಂದಾಜೇ ಹೊರತು, ಟೈರು ರಿಮ್ಮಿನ ಮೇಲೆ ಕೂರುವ ನಿಜವಾದ ವ್ಯಾಸವಲ್ಲ. ರೋಡ್‌ಸ್ಟರಿನ 28 × 1½ ಟೈರು ಕೂರುವ ವ್ಯಾಸ 635 ಮಿಲಿಮೀಟರ್. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ, ಕೆಲವೊಮ್ಮೆ 28 ಎಂದೇ ಕರೆಸಿಕೊಳ್ಳುವ 700ಸಿ ಗಾಲಿಯದು 622. ಹಳೆಯ 26 × 1⅜ ಟೈರಿನದು 590, ಬೆಟ್ಟದ ಸೈಕಲ್ಲುಗಳ 26ರದು 559. ಹೆಸರು ಒಂದೇ ಆಗಿದ್ದೂ ಒಂದರ ಟೈರು ಇನ್ನೊಂದಕ್ಕೆ ಕೂರದಿರುವ ಈ ಗೊಂದಲದಲ್ಲಿ ಹಣ ಕಳೆದುಕೊಂಡವರು ಕಡಿಮೆಯೇನಲ್ಲ. ಅಮೆರಿಕದ ಪೇಟೆಯಲ್ಲಿ 635ರ ಟೈರು ಅಪರೂಪವಾಗಿ ದಶಕಗಳೇ ಆಗಿದ್ದು, ಅಲ್ಲಿಯ ಹಳೆ ಸೈಕಲ್ ಪ್ರೇಮಿಗಳು ಭಾರತದಲ್ಲಿ ತಯಾರಾದ ಟೈರುಗಳನ್ನೇ ಹುಡುಕಿ ತರಿಸಿಕೊಳ್ಳುತ್ತಾರೆ. ಕರ್ನಾಟಕದಲ್ಲಾದರೋ ಹೋಬಳಿಯ ಸಂತೆಯಲ್ಲೂ ಅದು ಸಿಗುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರ್ ಹೊರುವ ಸೈಕಲ್ಲುಗಳು ಇಂದಿಗೂ ಅದೇ ಗಾಲಿಯ ಮೇಲೆ ಓಡುತ್ತಿರುವುದರಿಂದ ಬಾಲ್ಸು, ಕೋನು, ಕಡ್ಡಿ, ಚೈನು, ಫ್ರೀವೀಲು ಯಾವುದಕ್ಕೂ ಕೊರತೆಯಿಲ್ಲ.

ಆದರೂ ಇಂಗ್ಲೆಂಡಿನಲ್ಲಿ ತಯಾರಾದ ಸೈಕಲ್ಲಾದರೆ ಎರಡು ಕಡೆ ಎಚ್ಚರ ಬೇಕು. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ, ಒಂದು ಮಗ್ಗುಲು ಇಳಿಜಾರಾಗಿ ಅರೆದ ಉಕ್ಕಿನ ಬೆಣೆಗೆ ಕಾಟರ್ ಎಂದು ಹೆಸರು. ಅದರ ವ್ಯಾಸ ರ್‍ಯಾಲಿ ಸೈಕಲ್ಲುಗಳಲ್ಲಿ 9.5 ಮಿಲಿಮೀಟರ್ ಇದ್ದರೆ ಇತರ ಕೆಲವದರಲ್ಲಿ 9. ಸಡಿಲವಾದ ಕಾಟರನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಅಭ್ಯಾಸ ಎಲ್ಲೆಡೆ ಇದ್ದು, ಅಚ್ಚಿನ ಬಾಲ್ಸುಗಳು ತಮ್ಮ ಕಪ್ಪಿನಲ್ಲಿ ಕುಳಿ ಬೀಳಿಸುವುದಕ್ಕೆ ಬಹುಮಟ್ಟಿಗೆ ಆ ಪೆಟ್ಟುಗಳೇ ಕಾರಣ. ಎರಡನೆಯದು ಬಿಬಿಯ ಕಪ್ಪಿನ ಮರೆ: ಸಾಮಾನ್ಯ ಇಂಗ್ಲಿಷ್ ಅಳತೆಯಲ್ಲಿ ಇಂಚಿಗೆ 24 ಸುತ್ತು ಇದ್ದರೆ, ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಾರ್ಖಾನೆ ತನ್ನದೇ ಆದ 26 ಸುತ್ತಿನ ಮರೆಯನ್ನು ಇಟ್ಟುಕೊಂಡಿತ್ತು. ಬಿಗಿಯಾಗುತ್ತಿದೆಯೆಂದು ಬಲವಂತವಾಗಿ ತಿರುಗಿಸಿದರೆ ಚೌಕಟ್ಟಿನ ಮರೆಯೇ ಹಾಳಾಗುತ್ತದೆ, ಮೂಲ ಕಪ್ಪು ಚೆನ್ನಾಗಿದ್ದರೆ ಅದನ್ನು ತೊಳೆದು ಮತ್ತೆ ಹಾಕುವುದೇ ಜಾಣತನ. ಇನ್ನು ಚೈನಿನ ಸವೆತವನ್ನು ಅಳೆಯುವುದಕ್ಕೆ ಅಡಿಕೋಲೇ ಸಾಕು. ಅರ್ಧ ಇಂಚಿನ 24 ಕೊಂಡಿಗಳು ಸರಿಯಾಗಿ 12 ಇಂಚು ಬರಬೇಕಾದಲ್ಲಿ ಇಂಚಿನ ಎಂಟನೆಯ ಒಂದು ಭಾಗ ಹೆಚ್ಚು ಬಂದರೆ, ಅಂದರೆ ಶೇಕಡಾ ಒಂದರಷ್ಟು ಉದ್ದವಾಗಿದ್ದರೆ, ಅದು ಚಕ್ರದ ಹಲ್ಲುಗಳನ್ನೂ ತಿನ್ನುತ್ತಿರುತ್ತದೆ.

ಕೆಲವು ಇಂಗ್ಲಿಷ್ ಸೈಕಲ್ಲುಗಳ ಹಿಂದಿನ ಗಾಲಿಯ ಗುಂಬದೊಳಗೆ ಸ್ಟರ್ಮಿ ಆರ್ಚರ್ ಮೂರು ಗೇರಿನ ಯಂತ್ರ ಅಡಗಿರುತ್ತದೆ. 1936ರಲ್ಲಿ ಬಂದ ಅದರ ಎಡಬ್ಲ್ಯು ಮಾದರಿಯ ಹೊರಮೈ ಮೇಲೆ ತಯಾರಾದ ವರ್ಷವನ್ನೂ ತಿಂಗಳನ್ನೂ ಅಚ್ಚೊತ್ತುವ ಪದ್ಧತಿಯಿದ್ದುದರಿಂದ, ಗಾಲಿ ಬದಲಾಗಿಲ್ಲದಿದ್ದರೆ ಸೈಕಲ್ಲಿನ ವಯಸ್ಸು ಅಲ್ಲಿಯೇ ಓದಲು ಸಿಗುತ್ತದೆ. ಗೇರಿಲ್ಲದವುಗಳ ವಯಸ್ಸನ್ನು ಊಹಿಸಲು, ಅನೇಕ ಪುರಸಭೆಗಳು ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ಲೋಹದ ಬಿಲ್ಲೆ ಹ್ಯಾಂಡಲಿನ ಬಳಿ ಉಳಿದಿದೆಯೇ ಎಂದು ನೋಡಬಹುದು.

ಇಲ್ಲಿಯವರೆಗಿನ ವಾದವೆಲ್ಲ ಹಳೆಯ ಸೈಕಲ್ಲಿನ ಪರವಾಗಿದ್ದರೂ, ಬ್ರೇಕಿನ ವಿಷಯದಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ರೋಡ್‌ಸ್ಟರಿನಲ್ಲಿ ಹ್ಯಾಂಡಲಿನ ಹಿಡಿಯನ್ನು ಎಳೆದಾಗ ಉಕ್ಕಿನ ಕಂಬಿಗಳು ಒಂದು ಕುದುರೆಲಾಳವನ್ನು ಮೇಲಕ್ಕೆಳೆದು, ರಬ್ಬರಿನ ತುಂಡುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತವೆ. ರಿಮ್ಮಿಗೆ ಕ್ರೋಮಿಯಂ ಲೇಪನವಿದೆ. ಅಷ್ಟು ನುಣುಪಾದ ಮೇಲ್ಮೈ ಒದ್ದೆಯಾದಾಗ ರಬ್ಬರಿಗೂ ಲೋಹಕ್ಕೂ ನಡುವೆ ನೀರಿನ ಪೊರೆ ಉಳಿದು ಘರ್ಷಣೆ ಹಠಾತ್ತನೆ ಕುಸಿಯುತ್ತದೆ. ಸವಾರ, ಸೈಕಲ್, ಚೀಲ ಸೇರಿ 90 ಕಿಲೋಗ್ರಾಂ ತೂಕವಿದ್ದು ವೇಗ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್ ಇದ್ದರೆ, ಬ್ರೇಕು ಹೀರಿಕೊಳ್ಳಬೇಕಾದ ಚಲನಶಕ್ತಿ 1,125 ಜೂಲ್. ಒಳ್ಳೆಯ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಂತೆ ತಗ್ಗಿಸಿದರೆ ಸೈಕಲ್ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆ ಕ್ರೋಮಿನ ಮೇಲೆ ಅದು ಪ್ರತಿ ಸೆಕೆಂಡಿಗೆ 1 ಮೀಟರಿಗೆ ಇಳಿದರೆ ಬೇಕಾಗುವ ದೂರ ಹನ್ನೆರಡೂವರೆ ಮೀಟರ್. ಈ ಎಂಟು ಮೀಟರಿನ ವ್ಯತ್ಯಾಸದಲ್ಲಿ ಒಂದು ಬಸ್ಸಿನ ಬಹುಭಾಗ ಹಿಡಿಸುತ್ತದೆ. ರೋಡ್‌ಸ್ಟರ್ ಹುಟ್ಟಿದ ಕಾಲದ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದುದು ಎತ್ತಿನಗಾಡಿ. ಇಂದಿನ ಬೆಂಗಳೂರಿನ ಜೂನ್ ತಿಂಗಳ ಸಂಜೆಯಲ್ಲಿ ಅದೇ ಬ್ರೇಕನ್ನು ನಂಬಿ ಇಳಿಯುವುದು ದುಸ್ಸಾಹಸ. ಚರ್ಮದ ಹಾಳೆ ಅಂಟಿಸಿದ ಬ್ರೇಕ್ ತುಂಡುಗಳು ನೀರನ್ನು ಒರೆಸಿ ಹಿಡಿತವನ್ನು ಸ್ವಲ್ಪ ಉತ್ತಮಪಡಿಸುತ್ತವೆ, ಗುಂಬದೊಳಗಿನ ಡ್ರಮ್ ಬ್ರೇಕು ಹಾಕಿಸಿದರೆ ಸಮಸ್ಯೆ ಬಹುತೇಕ ತೀರುತ್ತದೆ. ಎರಡನೆಯದಕ್ಕೆ ಗಾಲಿಯನ್ನೇ ಹೊಸದಾಗಿ ಕಟ್ಟಿಸಬೇಕಾಗುತ್ತದೆ.

ಎರಡನೆಯ ದೌರ್ಬಲ್ಯವನ್ನು ಜನ ತೂಕವೆಂದು ಭಾವಿಸುತ್ತಾರೆ, ಲೆಕ್ಕ ಬೇರೆಯದನ್ನು ಹೇಳುತ್ತದೆ. ರೋಡ್‌ಸ್ಟರಿನ ತೂಕ ಸುಮಾರು 20 ಕಿಲೋಗ್ರಾಂ, ಹೊಸ ಹಗುರ ಸೈಕಲ್ಲಿನದು 12 ಎಂದಿಟ್ಟುಕೊಂಡರೆ, ಹೆಚ್ಚುವರಿ 8 ಕಿಲೋಗ್ರಾಮನ್ನು ಮೈಸೂರಿನಿಂದ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟಕ್ಕೆ ಏರಿಸಲು ಬೇಕಾಗುವ ಶಕ್ತಿ 24,000 ಜೂಲಿಗಿಂತ ತುಸು ಕಡಿಮೆ. ಸಾಧಾರಣ ಸವಾರನೊಬ್ಬ 100 ವಾಟಿನಂತೆ ತುಳಿಯುತ್ತಿದ್ದರೆ ಇದರಿಂದ ಆಗುವ ತಡ ನಾಲ್ಕೇ ನಿಮಿಷ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಈ ತೂಕ ಗಮನಕ್ಕೇ ಬರುವುದಿಲ್ಲ. ನಿಜವಾದ ತೊಡಕು ಇರುವುದು ಗೇರಿನಲ್ಲಿ. ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಇರುವ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ವಾಹನ ಸುಮಾರು 5.9 ಮೀಟರ್ ಮುಂದೆ ಹೋಗುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ 90 ಕಿಲೋಗ್ರಾಮನ್ನು ತಳ್ಳಲು, ಟೈರಿನ ಉರುಳುತಡೆಯೂ ಸೇರಿ, ಸುಮಾರು 50 ನ್ಯೂಟನ್ ಬಲ ಬೇಕು. ನೂರು ವಾಟಿನಲ್ಲಿ ತುಳಿಯುವವನ ಪೆಡಲು ಆಗ ನಿಮಿಷಕ್ಕೆ 20 ಸಲ ಮಾತ್ರ ತಿರುಗುತ್ತದೆ, ಪ್ರತಿ ಸುತ್ತಿನುದ್ದಕ್ಕೂ ಪೆಡಲಿನ ಮೇಲೆ ಸರಾಸರಿ 30 ಕಿಲೋಗ್ರಾಂ ಭಾರ ಹೇರಿದಷ್ಟು ಒತ್ತಬೇಕಾಗುತ್ತದೆ. ಗೇರಿನ ಸೈಕಲ್ಲಿನಲ್ಲಿ ಒಂದು ಸುತ್ತಿಗೆ 2.2 ಮೀಟರ್ ಹೋಗುವ ಹಲ್ಲುಗಳನ್ನು ಆರಿಸಿಕೊಂಡರೆ ಅದೇ ಶಕ್ತಿಗೆ ಪೆಡಲು ನಿಮಿಷಕ್ಕೆ 50ಕ್ಕೂ ಹೆಚ್ಚು ಸಲ ಸಲೀಸಾಗಿ ತಿರುಗುತ್ತದೆ. ಮಾಂಸಖಂಡ ಮತ್ತು ಮೊಣಕಾಲುಗಳಿಗೆ ಒಗ್ಗುವುದು ಎರಡನೆಯದೇ. ರೋಡ್‌ಸ್ಟರಿನ ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಾಯಿಸಿದರೆ ಕಷ್ಟ ತುಸು ತಗ್ಗುತ್ತದೆ, ಹೋಗುವುದಿಲ್ಲ. ಬಯಲುಸೀಮೆಯ ಹಳ್ಳಿಯ ದಾರಿಗೂ ಮಡಿಕೇರಿಯ ಏರುದಾರಿಗೂ ಒಂದೇ ಸಲಹೆ ಕೊಡಲಾಗದು.

ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದವರು ಮುಂದೆ ಮಾಡುವ ಮೊದಲ ತಪ್ಪು ಬಣ್ಣ ಬಳಿಸುವುದು. ಶತಮಾನಗಳ ಕಲ್ಲಿನ ಗುಡಿಗೆ ಎನಾಮಲ್ ಬಳಿದು ನೆಲಕ್ಕೆ ಟೈಲ್ಸ್ ಹಾಸಿ ಜೀರ್ಣೋದ್ಧಾರವೆಂದು ಹೆಸರಿಡುವ ಉತ್ಸಾಹವೇ ಸೈಕಲ್ಲಿನ ಮೇಲೂ ಪ್ರಯೋಗವಾಗುತ್ತದೆ. ಓಡುವಂತೆ ಮಾಡುವುದು ದುರಸ್ತಿ. ಇದ್ದುದನ್ನು ಇದ್ದಂತೆಯೇ ಮುಂದೆ ಕೆಡದಂತೆ ಮಾಡುವುದು ಸಂರಕ್ಷಣೆ. ಕಾರ್ಖಾನೆಯಿಂದ ಹೊರಬಂದ ದಿನದಂತೆ ಕಾಣಿಸುವುದು ಪುನರ್ನಿರ್ಮಾಣ. ಈ ಮೂರರಲ್ಲಿ ಕೊನೆಯದಕ್ಕೆ ಅತಿ ಹೆಚ್ಚು ಹಣವೂ ಅತಿ ಹೆಚ್ಚು ನಷ್ಟವೂ ತಗಲುತ್ತದೆ, ಏಕೆಂದರೆ ಕೈಯಿಂದ ಎಳೆದ ಚಿನ್ನದ ಗೆರೆಗಳೂ ಹೆಸರಿನ ಚಿತ್ರಪಟ್ಟಿಯೂ ಒಮ್ಮೆ ಉಜ್ಜಿದರೆ ಮರಳಿ ಬರುವುದಿಲ್ಲ. ಹಳೆಯ ಎನಾಮಲ್ಲಿನಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ ಪುಡಿ ಹಾರಿಸುವುದು, ವಿಶೇಷವಾಗಿ ಮಕ್ಕಳಿರುವ ಮನೆಯಲ್ಲಿ, ಆರೋಗ್ಯಕ್ಕೂ ಹಾನಿಕರ. ಚುಕ್ಕೆ ಚುಕ್ಕೆಯಾದ ತುಕ್ಕಿಗೆ ಆಕ್ಸಾಲಿಕ್ ಆಮ್ಲದ ದುರ್ಬಲ ದ್ರಾವಣ ಸಾಕು. ಅದು ಕಬ್ಬಿಣದ ಅಯಾನನ್ನು ಹಿಡಿದುಕೊಂಡು ಕರಗಿಸಿ, ಬಣ್ಣಕ್ಕೆ ಹೆಚ್ಚು ಧಕ್ಕೆ ಮಾಡದೆ ತುಕ್ಕನ್ನು ಎತ್ತುತ್ತದೆ. ಅದು ವಿಷವಾದ್ದರಿಂದ ಕೈಗವಸು ಬೇಕು. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ನೀರಿಗೆ ಬೆರೆಸಿ ಬಿಡಿಭಾಗಗಳನ್ನು ವಾರಗಟ್ಟಲೆ ನೆನೆಹಾಕುವ ಹಳೆಯ ವಿಧಾನದ ಹಿಂದೆಯೂ ಇದೇ ರಸಾಯನವಿದೆ. ಹಿತ್ತಾಳೆಯ ಲಾಂಛನಕ್ಕೆ ಅಡುಗೆಮನೆಯ ಹುಣಸೆಹಣ್ಣೇ ಸಾಕು, ಅದರ ಟಾರ್ಟಾರಿಕ್ ಆಮ್ಲ ಕಲೆಯನ್ನು ಕರಗಿಸುತ್ತದೆ. ಬಲವಾದ ಆಮ್ಲಗಳನ್ನು ಮಾತ್ರ ಸ್ಪ್ರಿಂಗಿನಂಥ ಗಡಸು ಉಕ್ಕಿನ ಬಳಿ ತರಬಾರದು, ಆಗ ಹುಟ್ಟುವ ಜಲಜನಕ ಲೋಹದೊಳಗೆ ನುಸುಳಿ ಅದನ್ನು ಪೆಡಸಾಗಿಸುತ್ತದೆ.

ಪರಿಸರದ ಹೆಸರಿನಲ್ಲಿ ಹಳೆಯದನ್ನು ಉಳಿಸಬೇಕೆಂಬ ವಾದ ಕೇಳಲು ಹಿತವಾಗಿದ್ದರೂ ಅದರ ತೂಕ ಎಷ್ಟೆಂದು ನೋಡಬೇಕು. ಒಂದು ಕಿಲೋಗ್ರಾಂ ಉಕ್ಕು ತಯಾರಾಗುವಾಗ ಸ್ಥೂಲವಾಗಿ 2 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ ಎಂದರೆ 20 ಕಿಲೋಗ್ರಾಮಿನ ಉಕ್ಕಿನ ಸೈಕಲ್ಲಿನ ಪಾಲು ಸುಮಾರು 40 ಕಿಲೋಗ್ರಾಂ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕಿಲೋಗ್ರಾಂ ಹೊರಬರುವುದರಿಂದ ಇದು 17 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕನ್ನು ಬಿಟ್ಟು ದಿನಕ್ಕೆ 10 ಕಿಲೋಮೀಟರ್ ಸೈಕಲ್ ತುಳಿಯುವವರು ಈ ಸಾಲವನ್ನು ಮೂರು ತಿಂಗಳೊಳಗೆ ತೀರಿಸುತ್ತಾರೆ. ಅಲ್ಯೂಮಿನಿಯಮ್ಮಿನ ಲೆಕ್ಕ ಇದಕ್ಕಿಂತ ಭಾರ. ಅದಿರಿನಿಂದ ಒಂದು ಕಿಲೋಗ್ರಾಂ ಲೋಹ ಬಿಡಿಸಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು, ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಹೊರಬೀಳುವ ಅನಿಲ 10 ಕಿಲೋಗ್ರಾಮಿಗೂ ಮಿಗಿಲು. ಆದರೂ ನಿರ್ಣಾಯಕವಾದುದು ಬಳಕೆಯೇ. ಜೀರ್ಣೋದ್ಧಾರಗೊಂಡು ಹಜಾರದಲ್ಲಿ ಶೋಭಿಸುವ ಸೈಕಲ್ಲಿಗಿಂತ ದಿನವೂ ಕಚೇರಿಗೆ ಹೋಗಿಬರುವ ಹೊಸ ಸೈಕಲ್ ಪರಿಸರಕ್ಕೆ ಹೆಚ್ಚು ಒಳ್ಳೆಯದನ್ನು ಮಾಡುತ್ತದೆ.

ಹೊಸದನ್ನು ಕೊಳ್ಳುವವರೂ ಒಂದು ಮಾತನ್ನು ಗಮನಿಸಬೇಕು. ಕಡಿಮೆ ಬೆಲೆಯ ಹೊಸ ಸೈಕಲ್ಲುಗಳಲ್ಲಿ ಸ್ಪ್ರಿಂಗಿನ ಫೋರ್ಕು, ಇಪ್ಪತ್ತೊಂದು ಗೇರು, ಡಿಸ್ಕ್ ಬ್ರೇಕು ಎಲ್ಲವನ್ನೂ ತೋರಿಕೆಗಾಗಿ ತುರುಕಿರುತ್ತಾರೆ. ಅಗ್ಗದ ಸ್ಪ್ರಿಂಗ್ ಫೋರ್ಕು ತೂಕವನ್ನು ಹೆಚ್ಚಿಸಿ ತುಳಿತದ ಶಕ್ತಿಯ ಒಂದು ಪಾಲನ್ನು ನುಂಗುತ್ತದೆ, ಅದರ ಕೀಲುಗಳು ಬೇಗನೆ ಸಡಿಲವಾಗುತ್ತವೆ. ದುಬಾರಿ ಸೈಕಲ್ಲುಗಳ ಕಷ್ಟ ಬೇರೆ: ಬಿಬಿಯ ಮಾದರಿ, ಅಚ್ಚಿನ ಅಗಲ, ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಎಲ್ಲವೂ ಕೆಲವೇ ವರ್ಷಗಳಿಗೊಮ್ಮೆ ಬದಲಾಗುತ್ತಿರುವುದರಿಂದ, ಇಂದು ಕೊಂಡದ್ದಕ್ಕೆ ಇಪ್ಪತ್ತು ವರ್ಷಗಳ ನಂತರ ಬಿಡಿಭಾಗ ಸಿಗುವ ಭರವಸೆ 1955ರ ಹರ್ಕ್ಯುಲಿಸ್ಸಿಗೆ ಸಿಗುವ ಭರವಸೆಗಿಂತ ಕಡಿಮೆ. ನಡುದಾರಿಯೂ ಇದೆ. ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು, ಅಲ್ಯೂಮಿನಿಯಂ ರಿಮ್ಮು, ಏಳೆಂಟು ಗೇರು ಮತ್ತು ಕೇಬಲ್ ಬ್ರೇಕು ಇರುವ ಸಾಧಾರಣ ಸೈಕಲ್ಲು ಮಳೆಯಲ್ಲಿ ನಿಲ್ಲುತ್ತದೆ, ದಿಣ್ಣೆ ಏರುತ್ತದೆ, ಕೆಟ್ಟರೆ ಸಣ್ಣ ಊರಿನಲ್ಲೂ ರಿಪೇರಿಯಾಗುತ್ತದೆ.

ಸಂಚಾರದಟ್ಟಣೆಯ ನಗರದಲ್ಲಿ, ಮಳೆಗಾಲವೂ ಸೇರಿದಂತೆ, ಪ್ರತಿದಿನ ಓಡಿಸಬೇಕಾದವರು ಇಂಥದೊಂದನ್ನು ಕೊಳ್ಳುವುದೇ ಸರಿ. ಊರೊಳಗಿನ ಸಮತಟ್ಟು ದಾರಿಯಲ್ಲಿ ನಾಲ್ಕಾರು ಕಿಲೋಮೀಟರ್ ಹೋಗಿಬರುವವರ ಬಳಿ ಒಳಗಿನಿಂದ ಗಟ್ಟಿಯಾಗಿರುವ ರೋಡ್‌ಸ್ಟರ್ ಇದ್ದರೆ, ಟೈರು, ಟ್ಯೂಬು, ಚೈನು, ಬಾಲ್ಸು, ಕಾಟರು, ಬ್ರೇಕ್ ತುಂಡುಗಳನ್ನಷ್ಟೇ ಬದಲಾಯಿಸಿ, ಓವರಾಲಿಂಗ್ ಮಾಡಿಸಿ, ಬಣ್ಣವನ್ನು ಮುಟ್ಟದೆ ಬಿಡುವುದು ಸರಿ. ಯಾವುದಕ್ಕೂ ಹಣ ಕೊಡುವ ಮೊದಲು ಸೀಟಿನ ಕಂಬವನ್ನು ಹೊರಗೆಳೆದು, ಕೊಳವೆಯೊಳಕ್ಕೆ ಟಾರ್ಚು ಬಿಟ್ಟು ಒಮ್ಮೆ ನೋಡಬೇಕು.